ಕಾರ್ನಿಯಾ ಕಸಿ: ಯಾವ ವಯಸ್ಸಿಗೆ ಎಷ್ಟು ದೃಷ್ಟಿ?



ಕಣ್ಣಿನ ಕಪ್ಪುಗುಡ್ಡೆಯ ಮೇಲೆ ಬಿಳಿ ಕಲೆ ಕಂಡರೆ ನಾವು ‘ಕಣ್ಣಿಗೆ ಹೂ ಬಿದ್ದಿದೆ’ ಎನ್ನುತ್ತೇವೆ. ಪಕ್ಕದ ಮನೆಯ ತಮಿಳರೂ ‘ಕಣ್ಣಿಲ್ ಪೂ’ ಎಂದೇ ಹೇಳುತ್ತಾರೆ. ಭಾಷೆ ಎರಡಾದರೂ ಹೂವು ಒಂದೇ. ಹೂ ಬಿದ್ದ ಆ ಭಾಗವನ್ನು ತೆಗೆದು, ತೀರಿಕೊಂಡವರು ದಾನವಾಗಿ ಕೊಟ್ಟ ಕಣ್ಣಿನಿಂದ ಅದೇ ಭಾಗವನ್ನು ತಂದು ಕೂರಿಸುವುದಕ್ಕೆ ಕಾರ್ನಿಯಾ ಕಸಿ ಎಂದು ಹೆಸರು.

ಈ ಕಸಿಯ ಮಾತು ಬಂದಾಗ ನಮ್ಮ ಮನೆಗಳಲ್ಲಿ ಎರಡು ಬಗೆಯ ಉತ್ತರ ಸಿದ್ಧವಾಗಿರುತ್ತದೆ. ಮಗುವಾದರೆ, ‘ಇನ್ನೂ ಕೂಸು, ಸ್ವಲ್ಪ ದೊಡ್ಡದಾಗಲಿ, ಆಮೇಲೆ ಮಾಡಿಸೋಣ.’ ಮುದುಕರಾದರೆ, ‘ಆಯಿತಲ್ಲ ವಯಸ್ಸು, ಇನ್ನು ಆಪರೇಷನ್ ಯಾಕೆ?’ ಎರಡೂ ಪ್ರೀತಿಯಿಂದ ಆಡುವ ಮಾತುಗಳೇ. ಆದರೆ ಎರಡರಿಂದಲೂ ಉಳಿಯಬಹುದಾಗಿದ್ದ ಕಣ್ಣುಗಳು ಹೋಗಿವೆ. ಆದ್ದರಿಂದ ರೋಗಿಯ ವಯಸ್ಸಿಗೂ ಕಸಿಯ ನಂತರ ಸಿಗುವ ದೃಷ್ಟಿಗೂ ಏನು ಸಂಬಂಧ ಎಂಬುದನ್ನು ಇಂದು ನಿಮ್ಮ ಮುಂದಿಡುತ್ತೇನೆ. ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಓದಿ, ಬಲ್ಲವರಲ್ಲಿ ಕೇಳಿ ತಿಳಿದುಕೊಂಡದ್ದನ್ನು ಲೆಕ್ಕದ ಪುಸ್ತಕದ ಹಾಗೆ ಕಲಮು ಕಲಮಾಗಿ ಹೇಳುತ್ತೇನೆ.

ಮೊದಲು ಕಾರ್ನಿಯಾ ಎಂದರೆ ಏನೆಂದು ನೋಡೋಣ. ಕೈಗಡಿಯಾರದ ಮುಳ್ಳುಗಳ ಮೇಲೆ ಗಾಜು ಇರುತ್ತದಲ್ಲ, ಕಪ್ಪುಗುಡ್ಡೆಯ ಮೇಲೆ ಹಾಗೆಯೇ ಕೂತಿರುವ ತಿಳಿಯಾದ ಪದರವೇ ಕಾರ್ನಿಯಾ. ಶಾಲೆಯ ಪುಸ್ತಕದಲ್ಲಿ ಇದನ್ನು ಪಾರಪಟಲ ಎಂದು ಕರೆದಿದ್ದಾರೆ. ಇದರ ಅಗಲ ಸುಮಾರು 11ರಿಂದ 12 ಮಿಲಿಮೀಟರು, ನಡುಭಾಗದ ದಪ್ಪ ಅರ್ಧ ಮಿಲಿಮೀಟರಿನಷ್ಟು. ಇದರಲ್ಲಿ ರಕ್ತನಾಳಗಳಿಲ್ಲ. ಅದಕ್ಕೇ ಇದು ತಿಳಿಯಾಗಿದೆ, ಅದಕ್ಕೇ ಒಬ್ಬರದು ಇನ್ನೊಬ್ಬರಿಗೆ ಬೇರೆ ಅಂಗಗಳಿಗಿಂತ ಸುಲಭವಾಗಿ ಒಗ್ಗುತ್ತದೆ. ಸಾಮಾನ್ಯವಾಗಿ ರಕ್ತದ ಗುಂಪನ್ನು ಹೊಂದಿಸುವ ಅಗತ್ಯವೂ ಬೀಳುವುದಿಲ್ಲ.

ಇಲ್ಲಿ ಒಂದು ಗೊಂದಲವನ್ನು ಪರಿಹರಿಸಿಕೊಳ್ಳಬೇಕು. ಹೂವು ಬೇರೆ, ಪೊರೆ ಬೇರೆ. ಪೊರೆ ಬರುವುದು ಪಾಪೆಯ ಹಿಂದಿರುವ ಮಸೂರಕ್ಕೆ, ಅಂದರೆ ಲೆನ್ಸಿಗೆ. ಅದನ್ನು ತೆಗೆದು ಪ್ಲಾಸ್ಟಿಕ್ ಲೆನ್ಸ್ ಹಾಕುತ್ತಾರೆ, ಯಾರ ದಾನವೂ ಬೇಕಿಲ್ಲ. ಹೂವು ಮುಂಭಾಗದ ಕಾರ್ನಿಯಾದಲ್ಲಿ ಬೀಳುತ್ತದೆ. ಅದು ದೃಷ್ಟಿಯನ್ನು ಪೂರಾ ಮರೆಮಾಡಿದ್ದರೆ ಸಾಮಾನ್ಯವಾಗಿ ಇನ್ನೊಬ್ಬ ಮನುಷ್ಯನ ಕಾರ್ನಿಯಾವೇ ಬೇಕಾಗುತ್ತದೆ. ಮತ್ತೊಂದು ಮಾತು, ‘ಕಣ್ಣು ಬದಲಾಯಿಸಿದರು’ ಎನ್ನುತ್ತೇವಾದರೂ ಈ ಕಸಿಯಲ್ಲಿ ಇಡೀ ಕಣ್ಣನ್ನು ಬದಲಾಯಿಸುವುದಿಲ್ಲ. ಬದಲಾಗುವುದು ಮುಂದಿನ ಗಾಜು ಮಾತ್ರ.

ಇನ್ನು ಕಸಿಯಾದ ಮೇಲಿನ ದೃಷ್ಟಿಯ ಲೆಕ್ಕ. ಇದರಲ್ಲಿ ಮೂರು ಕಲಮುಗಳಿವೆ. ಒಂದು, ಹೊಸ ಗಾಜು ತಿಳಿಯಾಗಿ ಉಳಿಯಿತೇ? ಎರಡು, ಅದರ ಆಕಾರ ಸರಿಯಾಗಿ ಕೂತಿತೇ? ಮೂರು, ಅದರ ಹಿಂದಿರುವ ಲೆನ್ಸು, ಅಕ್ಷಿಪಟಲ, ನರ ಮತ್ತು ಮಿದುಳು ಚೆನ್ನಾಗಿವೆಯೇ? ಮೂರೂ ಕೂಡಿದರೆ ಒಳ್ಳೆಯ ದೃಷ್ಟಿ. ಒಂದು ಕೈಕೊಟ್ಟರೂ ದೃಷ್ಟಿ ಕಡಿಮೆ. ಕನ್ನಡಿ ಹಿಡಿದು ನೋಡಿ ‘ಕಣ್ಣು ತಿಳಿಯಾಗಿದೆ, ಆದರೂ ಓದಲಾಗುತ್ತಿಲ್ಲ’ ಎಂದು ಕೆಲವರು ನೊಂದುಕೊಳ್ಳುವುದು ಇದೇ ಕಾರಣಕ್ಕೆ. ಮೊದಲ ಕಲಮು ಪಾಸಾಗಿದೆ, ಉಳಿದೆರಡರಲ್ಲಿ ಬಾಕಿ ಇದೆ. ವಯಸ್ಸು ಈ ಮೂರೂ ಕಲಮುಗಳ ಮೇಲೆ ಬೇರೆ ಬೇರೆ ರೀತಿ ಕೆಲಸ ಮಾಡುತ್ತದೆ.

ಈ ಶಸ್ತ್ರಕ್ರಿಯೆಯ ಮೊದಲ ಯಶಸ್ಸಿನ ಕತೆ ನಮ್ಮಂಥ ಹಳ್ಳಿಯವರದೇ ಕತೆ. 1905ರ ಡಿಸೆಂಬರ್ 7ರಂದು ಯೂರೋಪಿನ ಓಲೊಮೌಟ್ಸ್ ಎಂಬ ಊರಿನಲ್ಲಿ ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು ಇದನ್ನು ಮಾಡಿದರು. ಆ ಊರು ಈಗ ಚೆಕ್ ದೇಶದಲ್ಲಿದೆ. ರೋಗಿ 45 ವರ್ಷದ ಒಬ್ಬ ಕೂಲಿಗಾರ, ಸುಣ್ಣ ಬಿದ್ದು ಎರಡೂ ಕಣ್ಣು ಸುಟ್ಟುಕೊಂಡಿದ್ದ. ಅದೇ ಹೊತ್ತಿಗೆ 11 ವರ್ಷದ ಒಬ್ಬ ಹುಡುಗನ ಕಣ್ಣಿಗೆ ಕಬ್ಬಿಣದ ಚೂರು ಹೊಕ್ಕು, ಆ ಕಣ್ಣನ್ನು ತೆಗೆಯಬೇಕಾಗಿ ಬಂದಿತ್ತು. ಆ ಹುಡುಗನ ಕಾರ್ನಿಯಾವನ್ನು ಕೂಲಿಗಾರನ ಎರಡೂ ಕಣ್ಣಿಗೆ ಕೂರಿಸಿದರು. ಒಂದು ಕೆಟ್ಟಿತು, ಇನ್ನೊಂದು ತಿಳಿಯಾಗಿ ಉಳಿಯಿತು. ಆ ಮನುಷ್ಯ ಮತ್ತೆ ಕೆಲಸಕ್ಕೆ ಹೋದ. ನಮ್ಮ ದೇಶದಲ್ಲಿ ಮೊದಲ ನೇತ್ರಭಂಡಾರ ಆರಂಭವಾದದ್ದು 1945ರಲ್ಲಿ, ಮದರಾಸಿನಲ್ಲಿ. ಗಡಿಯ ಈಚೆ ಇರುವ ನಮಗೆ ಅದು ಹತ್ತಿರದ ಊರೇ.

ಈಗ ಒಂದೊಂದೇ ವಯಸ್ಸನ್ನು ನೋಡೋಣ.

ಮೊದಲು ಮಕ್ಕಳು. ಹುಟ್ಟುವಾಗಲೇ ಕಾರ್ನಿಯಾ ಮಬ್ಬಾಗಿರುವ ಮಕ್ಕಳಿದ್ದಾರೆ. ದಡಾರವಾಗಿ, ವಿಟಮಿನ್ ‘ಎ’ ಸಾಲದೆ, ಕಡ್ಡಿ ಚುಚ್ಚಿ, ಕಣ್ಣು ಕೆಂಪಾದಾಗ ಸೊಪ್ಪಿನ ರಸ ಹಿಂಡಿ ಕಣ್ಣು ಕೆಟ್ಟ ಮಕ್ಕಳೂ ಇದ್ದಾರೆ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯಲ್ಲಿ, 50 ವರ್ಷಕ್ಕಿಂತ ಕೆಳಗಿನವರ ಕುರುಡಿಗೆ ಕಾರ್ನಿಯಾದ ಕಲೆಯೇ ಮುಖ್ಯ ಕಾರಣ ಎಂದು ಕಂಡುಬಂತು.

ಮಗುವಿನ ಕಣ್ಣಿನ ವಿಶೇಷವೇನೆಂದರೆ, ಹುಟ್ಟಿದ ಮಗುವಿಗೆ ಕಣ್ಣಿದ್ದರೂ ನೋಡುವ ವಿದ್ಯೆ ಇನ್ನೂ ಬಂದಿರುವುದಿಲ್ಲ. ಬೆಳಕು ಕಣ್ಣಿಗೆ ಬಿದ್ದು, ಚಿತ್ರ ಮಿದುಳಿಗೆ ಹೋಗಿ ಹೋಗಿ, ಮಿದುಳು ನೋಡಲು ಕಲಿಯುತ್ತದೆ. ಈ ಕಲಿಕೆ ಮೊದಲ ತಿಂಗಳುಗಳಲ್ಲಿ ಬಹಳ ಚುರುಕು, ಏಳೆಂಟು ವರ್ಷಕ್ಕೆ ಹೆಚ್ಚುಕಡಿಮೆ ಮುಗಿಯುತ್ತದೆ. ಆ ಕಾಲದಲ್ಲಿ ಕಣ್ಣಿನ ಮುಂದೆ ಹೂವು ಅಡ್ಡ ನಿಂತರೆ ಮಿದುಳು ಆ ಕಣ್ಣನ್ನು ಕೈಬಿಡುತ್ತದೆ. ವೈದ್ಯರು ಇದನ್ನು ಸೋಮಾರಿ ಕಣ್ಣು ಎನ್ನುತ್ತಾರೆ. ಹುಡುಗ ದೊಡ್ಡವನಾದ ಮೇಲೆ ಹದಿನೆಂಟಕ್ಕೆ ಎಷ್ಟೇ ಚೆಂದದ ಕಾರ್ನಿಯಾ ಹಾಕಿದರೂ ಮೂರನೆಯ ಕಲಮು, ಅಂದರೆ ಮಿದುಳು, ಸಹಕರಿಸುವುದಿಲ್ಲ. ‘ದೊಡ್ಡದಾಗಲಿ’ ಎಂದು ಕಾಯುವುದರ ಬೆಲೆ ಇದು. ಆದ್ದರಿಂದ ಮಗುವಿನ ಕಪ್ಪುಗುಡ್ಡೆಯಲ್ಲಿ ಬಿಳುಪು ಕಂಡ ವಾರದಲ್ಲೇ ಕಣ್ಣಿನ ವೈದ್ಯರಿಗೆ ತೋರಿಸಿ.

ಹಾಗೆಂದು ಮಕ್ಕಳ ಕಸಿ ಸುಲಭವೆಂದು ತಿಳಿಯಬೇಡಿ. ಎಲ್ಲ ವಯಸ್ಸಿನವರಲ್ಲಿ ಅತಿ ಕಷ್ಟದ್ದು ಇದೇ. ಕೂಸಿನ ಕಣ್ಣು ಮೆದು, ಒಳಗಿನ ಜಾಗ ಕಡಿಮೆ. ಮಗುವಿನ ದೇಹ ಹೊರಗಿನ ವಸ್ತುವನ್ನು ಹಿರಿಯರ ದೇಹಕ್ಕಿಂತ ಜೋರಾಗಿ ತಿರಸ್ಕರಿಸುತ್ತದೆ. ಗಾಯ ಬೇಗ ಮಾಯುವುದರಿಂದ ಹೊಲಿಗೆಗಳು ಬೇಗ ಸಡಿಲವಾಗುತ್ತವೆ. ದೊಡ್ಡವರಲ್ಲಿ ವರ್ಷಗಟ್ಟಲೆ ಇರುವ ಹೊಲಿಗೆಯನ್ನು ಹಸುಗೂಸಿನಲ್ಲಿ ಕೆಲವೇ ವಾರಗಳಲ್ಲಿ ತೆಗೆಯಬೇಕಾಗುತ್ತದೆ. ಮಗು ‘ಕಣ್ಣು ಮಬ್ಬಾಗಿದೆ’ ಎಂದು ಹೇಳಲಾರದು. ಪ್ರತಿ ಸಲ ಚೆನ್ನಾಗಿ ಪರೀಕ್ಷಿಸಲು ಅರಿವಳಿಕೆ ಕೊಡಬೇಕಾಗಬಹುದು. ಶಸ್ತ್ರಕ್ರಿಯೆಯ ನಂತರ ಕನ್ನಡಕ ಹಾಕಿಸಬೇಕು, ಒಳ್ಳೆಯ ಕಣ್ಣಿಗೆ ದಿನವೂ ಕೆಲವು ಗಂಟೆ ಪಟ್ಟಿ ಕಟ್ಟಿ ಕಸಿಯಾದ ಕಣ್ಣನ್ನು ದುಡಿಸಬೇಕು. ಇಷ್ಟೆಲ್ಲ ಇರುವುದರಿಂದ ಕೆಲವು ಮಕ್ಕಳಿಗೆ ವೈದ್ಯರೇ ಕಸಿ ಬೇಡವೆಂದು ಬೇರೆ ದಾರಿ ಸೂಚಿಸುವುದುಂಟು. ಆ ತೀರ್ಮಾನ ಅವರದಾಗಿರಲಿ. ಬೇಗ ತೋರಿಸುವ ಕೆಲಸ ಮಾತ್ರ ನಮ್ಮದು.

ಎರಡನೆಯದು ಹರೆಯದವರು. ಹದಿಹರೆಯದಲ್ಲಿ ಕೆಲವರಿಗೆ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಚಾಚುತ್ತದೆ. ಇದಕ್ಕೆ ಕೆರಟೋಕೋನಸ್ ಎಂದು ಹೆಸರು. ಕಣ್ಣು ತುರಿಸುತ್ತದೆ ಎಂದು ಸದಾ ಉಜ್ಜುವ ಮಕ್ಕಳಲ್ಲಿ ಇದು ಹೆಚ್ಚು. ಆರು ತಿಂಗಳಿಗೊಮ್ಮೆ ಕನ್ನಡಕದ ಪವರ್ ಬದಲಾಗುತ್ತಿದ್ದರೆ ಸಂಶಯಪಡಬೇಕು. ಆರಂಭದಲ್ಲೇ ಕಂಡರೆ ಕಸಿ ಬೇಡ, ಕಾರ್ನಿಯಾವನ್ನು ಗಟ್ಟಿ ಮಾಡುವ ಚಿಕಿತ್ಸೆ ಮತ್ತು ಕಾಂಟ್ಯಾಕ್ಟ್ ಲೆನ್ಸ್ ಸಾಕು. ತೀರಾ ಮುಂದುವರಿದರೆ ಕಸಿ.

ಕಸಿಯಲ್ಲಿ ಅತ್ಯಂತ ಒಳ್ಳೆಯ ಫಲ ಕಾಣುವುದು ಇವರಲ್ಲೇ. ಏಕೆಂದರೆ ಮೂರನೆಯ ಕಲಮು ಭದ್ರವಾಗಿರುತ್ತದೆ. ಅಕ್ಷಿಪಟಲ ಚೆನ್ನಾಗಿದೆ, ನರ ಚೆನ್ನಾಗಿದೆ, ಮಿದುಳು ನೋಡಲು ಕಲಿತಾಗಿದೆ. ಇಂಥವರಲ್ಲಿ ಹತ್ತು ವರ್ಷದ ನಂತರವೂ ಹತ್ತರಲ್ಲಿ ಸುಮಾರು ಒಂಬತ್ತು ಕಸಿಗಳು ತಿಳಿಯಾಗಿಯೇ ಇರುತ್ತವೆ. ಇವರಿಗೆ ಕಾಡುವುದು ಎರಡನೆಯ ಕಲಮು, ಆಕಾರ. ಕೂದಲಿಗಿಂತ ಸಣ್ಣ ನೈಲಾನ್ ದಾರದಲ್ಲಿ ಸುತ್ತಲೂ ಸಾಮಾನ್ಯವಾಗಿ 16 ಹೊಲಿಗೆ ಹಾಕಿರುತ್ತಾರೆ. ಒಂದು ಬಿಗಿ, ಒಂದು ಸಡಿಲವಾದರೂ ಗಾಜು ಓರೆಯಾಗುತ್ತದೆ. ಕನ್ನಡಕದ ಅಂಗಡಿಯವರು ಸಿಲಿಂಡರ್ ಪವರ್ ಎನ್ನುವುದು ಇದನ್ನೇ. ಹೊಲಿಗೆಗಳನ್ನು ಒಂದೊಂದಾಗಿ ತೆಗೆಯುತ್ತಾ ಇದನ್ನು ಸರಿಪಡಿಸುತ್ತಾರೆ. ಒಂದು ವರ್ಷ, ಕೆಲವರಿಗೆ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಮೂರು ತಿಂಗಳಿಗೆ ನಿರಾಶರಾಗಿ ಆಸ್ಪತ್ರೆಗೆ ಹೋಗುವುದನ್ನು ಬಿಡಬಾರದು.

ಹರೆಯದವರ ಇನ್ನೊಂದು ಅಪಾಯ ಅವರ ಒಳ್ಳೆಯ ಆರೋಗ್ಯವೇ. ದೇಹ ಬಲವಾಗಿದ್ದಷ್ಟೂ ಹೊರಗಿನಿಂದ ಬಂದದ್ದನ್ನು ಗುರುತಿಸಿ ತಿರಸ್ಕರಿಸುವ ಶಕ್ತಿಯೂ ಹೆಚ್ಚು. ‘ಕಣ್ಣು ಸರಿಯಾಯಿತು’ ಎಂದು ಹನಿ ಹಾಕುವುದನ್ನು ತಾವೇ ನಿಲ್ಲಿಸಿ ಕೆಲಸಕ್ಕೆ ಹೊರಟುಬಿಡುವವರು ಹೆಚ್ಚಾಗಿ ಈ ವಯಸ್ಸಿನವರೇ. ಇಡೀ ದಪ್ಪದ ಕಸಿಯಾದ ಕಣ್ಣಿನ ಗಾಯ ಎಂದೂ ಹುಟ್ಟಿನ ಗಟ್ಟಿತನಕ್ಕೆ ಮರಳುವುದಿಲ್ಲ. ಕ್ರಿಕೆಟ್ ಚೆಂಡೋ ದನದ ಕೊಂಬೋ ಬಡಿದರೆ ವರ್ಷಗಳ ನಂತರವೂ ಒಡೆಯಬಹುದು.

ಮೂರನೆಯದು ಹಿರಿಯರು. ಇಲ್ಲಿ ನನ್ನ ಬ್ಯಾಂಕಿನ ಉದಾಹರಣೆ ಉಪಯೋಗಕ್ಕೆ ಬರುತ್ತದೆ. ಕಾರ್ನಿಯಾದ ಒಳಮೈಯಲ್ಲಿ ಒಂದೇ ಸಾಲಿನ ಜೀವಕೋಶಗಳಿವೆ. ಕಾರ್ನಿಯಾಕ್ಕೆ ಇಳಿಯುವ ನೀರನ್ನು ಅವು ಹಗಲೂ ರಾತ್ರಿ ಪಂಪಿನಂತೆ ಹೊರಹಾಕುತ್ತವೆ. ಹುಟ್ಟಿದಾಗ ಒಂದು ಚದರ ಮಿಲಿಮೀಟರಿಗೆ ಸುಮಾರು 4,000 ಕೋಶಗಳಿದ್ದರೆ, ನಡುವಯಸ್ಸಿಗೆ ಸುಮಾರು 2,500. ವರ್ಷಕ್ಕೆ ನೂರಕ್ಕೆ ಅರ್ಧದಷ್ಟು, ಸ್ವಲ್ಪ ಹೆಚ್ಚೇ, ಕಡಿಮೆಯಾಗುತ್ತಾ ಹೋಗುತ್ತವೆ. ಹೋದ ಕೋಶದ ಜಾಗಕ್ಕೆ ಹೊಸದು ಹುಟ್ಟುವುದಿಲ್ಲ. ಇದೊಂದು ಠೇವಣಿ, ಆದರೆ ಬಡ್ಡಿಯಿಲ್ಲ, ಹೊಸ ಜಮಾ ಇಲ್ಲ, ಅಸಲಿನಿಂದಲೇ ಖರ್ಚು. ಸಾಮಾನ್ಯವಾಗಿ ಅಸಲು ಆಯುಷ್ಯಕ್ಕೆ ಸಾಲುತ್ತದೆ. ಕೆಲವರಿಗೆ ಮಾತ್ರ ವಂಶದಿಂದ ಬಂದ ದೋಷದಿಂದಲೋ ತೊಡಕಾದ ಪೊರೆ ಆಪರೇಷನ್ನಿನಿಂದಲೋ ಅದು ಮೊದಲೇ ಕರಗಿ, ಸುಮಾರು 500ಕ್ಕಿಂತ ಕೆಳಗಿಳಿಯುತ್ತದೆ. ಆಗ ಕಾರ್ನಿಯಾದಲ್ಲಿ ನೀರು ತುಂಬಿ ಊದಿಕೊಳ್ಳುತ್ತದೆ, ಮುಂಜಾನೆ ಮಂಜು ಕವಿದಂತೆ ಕಾಣುತ್ತದೆ, ಗುಳ್ಳೆಯೆದ್ದು ನೋಯುತ್ತದೆ.

ಇಂಥ ಹಿರಿಯರಿಗೆ ಕಸಿ ಮಾಡಿದರೆ ಒಂದು ಅನುಕೂಲವುಂಟು. ವಯಸ್ಸಾದಂತೆ ದೇಹದ ತಿರಸ್ಕಾರದ ಸಿಟ್ಟು ತುಸು ತಣ್ಣಗಾಗಿರುತ್ತದೆ. ಮೊದಲ ಕಲಮು ಎಷ್ಟೋ ಸಲ ಚೆನ್ನಾಗಿ ನಡೆಯುತ್ತದೆ. ಬಾಕಿ ಇರುವುದು ಮೂರನೆಯ ಕಲಮಿನಲ್ಲಿ. ಗ್ಲಾಕೋಮಾ ನರವನ್ನು ತಿಂದಿರಬಹುದು, ಸಕ್ಕರೆ ಕಾಯಿಲೆ ಅಕ್ಷಿಪಟಲವನ್ನು ಕೆಡಿಸಿರಬಹುದು, ವಯಸ್ಸಿನಿಂದಲೇ ಅಕ್ಷಿಪಟಲದ ನಡುಭಾಗ ಸವೆದಿರಬಹುದು. ಕಿಟಕಿಯ ಗಾಜು ಹೊಸದಾದರೂ ಒಳಗೆ ದೀಪ ಮಂಕಾಗಿದ್ದರೆ ಮನೆ ಮಂಕೇ. ಅದಕ್ಕೇ ಒಟ್ಟಾರೆ ನೋಡಿದರೆ, ಹರೆಯದವರಷ್ಟು ಕೆಳಗಿನ ಸಾಲಿನ ಅಕ್ಷರಗಳನ್ನು ಹಿರಿಯರು ಓದಲಾರರು. ಆದರೆ ಹೋಲಿಕೆ ಮಾಡಬೇಕಾದದ್ದು ಇಪ್ಪತ್ತರ ಹುಡುಗನ ಜೊತೆಗಲ್ಲ, ಆ ಹಿರಿಯರ ನಿನ್ನೆಯ ಸ್ಥಿತಿಯ ಜೊತೆಗೆ. ಕೈ ಹಿಡಿದು ಹಿತ್ತಿಲಿಗೆ ಕರೆದೊಯ್ಯಬೇಕಾಗಿದ್ದ ಅಜ್ಜಿ ತಾನೇ ನಡೆದು ಹೋಗಿ, ಮೊಮ್ಮಗಳ ಮುಖ ಗುರುತಿಸಿ, ಅನ್ನದಲ್ಲಿ ಕಲ್ಲು ಆರಿಸಿದರೆ ಅದು ಸಣ್ಣ ಲಾಭವೇ? ಕಣ್ಣು ಕಾಣದ ಹಿರಿಯರು ಬಿದ್ದು ಸೊಂಟ ಮುರಿದುಕೊಳ್ಳುವುದನ್ನು ನೀವೂ ನೋಡಿದ್ದೀರಿ.

ಈಗ ಹಿರಿಯರಿಗೆ ಇನ್ನೂ ಒಂದು ಸೌಕರ್ಯ ಬಂದಿದೆ. ನೆದರ್ಲೆಂಡ್ಸಿನ ಗೆರಿಟ್ ಮೆಲ್ಲಿಸ್ ಎಂಬ ವೈದ್ಯರು 1998ರಿಂದ ರೂಪಿಸುತ್ತಾ ಬಂದ ವಿಧಾನದಿಂದ, ಇಡೀ ಕಾರ್ನಿಯಾವನ್ನು ತೆಗೆಯದೆ ಕೆಟ್ಟುಹೋದ ಒಳಪದರವನ್ನಷ್ಟೇ ಬದಲಾಯಿಸಲು ಸಾಧ್ಯವಾಗಿದೆ. ಸಣ್ಣ ಗಾಯದ ಮೂಲಕ ತೆಳು ಪದರವನ್ನು ಒಳಸೇರಿಸಿ, ಗಾಳಿಯ ಗುಳ್ಳೆಯಿಂದ ಅದನ್ನು ಮೇಲಕ್ಕೆ ಒತ್ತಿ ಅಂಟಿಸುತ್ತಾರೆ. ರೋಗಿ ಸ್ವಲ್ಪ ಕಾಲ ಸೂರು ನೋಡುತ್ತಾ ಅಂಗಾತ ಮಲಗಬೇಕು, ಅಷ್ಟೆ. ಹೊಲಿಗೆ ಒಂದೆರಡೋ ಇಲ್ಲವೇ ಇಲ್ಲವೋ. ಆಕಾರ ಕೆಡುವುದಿಲ್ಲ, ಕಣ್ಣಿನ ಗಟ್ಟಿತನ ಉಳಿಯುತ್ತದೆ, ವರ್ಷದ ಬದಲು ಕೆಲವು ವಾರ ಅಥವಾ ತಿಂಗಳುಗಳಲ್ಲಿ ದೃಷ್ಟಿ ತಿಳಿಯಾಗುತ್ತದೆ. ಆಸ್ಪತ್ರೆಯಲ್ಲಿ ‘ಇವರಿಗೆ ಒಳಪದರದ ಕಸಿ ಆಗುತ್ತದೆಯೇ?’ ಎಂದು ಕೇಳಲು ಸಂಕೋಚಪಡಬೇಡಿ.

ಆಪರೇಷನ್ನಿಗೆ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ, ‘ಹಿಂಭಾಗ ಹೇಗಿದೆ?’ ಹೂವು ಅಡ್ಡವಿದ್ದರೂ ಸ್ಕ್ಯಾನಿಂಗ್ ಮಾಡಿ ಅಕ್ಷಿಪಟಲ ತನ್ನ ಜಾಗದಲ್ಲಿದೆಯೇ ಎಂದು ನೋಡುತ್ತಾರೆ, ಟಾರ್ಚಿನ ಬೆಳಕು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ರೋಗಿಯನ್ನು ಕೇಳುತ್ತಾರೆ. ಎಷ್ಟು ದೃಷ್ಟಿ ನಿರೀಕ್ಷಿಸಬಹುದೆಂದು ಆಗಲೇ ತಿಳಿದುಕೊಂಡರೆ ಮುಂದೆ ನಿರಾಸೆ ಇಲ್ಲ.

ಇಷ್ಟು ಹೊತ್ತು ಪಡೆಯುವವರ ವಯಸ್ಸಿನ ಮಾತಾಯಿತು. ಕೊಡುವವರ ವಯಸ್ಸು? ‘ಎಪ್ಪತ್ತಾದ ಕಣ್ಣು ಯಾರಿಗೆ ಬೇಕು?’ ಎಂದು ಹಲವರು ದಾನಕ್ಕೆ ಮುಂದೆ ಬರುವುದಿಲ್ಲ. ಅಮೆರಿಕದಲ್ಲಿ 2000ನೇ ಇಸವಿಯಿಂದ 1,090 ರೋಗಿಗಳನ್ನು ಸೇರಿಸಿಕೊಂಡು ಇದನ್ನೇ ಪರೀಕ್ಷಿಸಿದರು. 12ರಿಂದ 65 ವರ್ಷದ ದಾನಿಗಳ ಕಾರ್ನಿಯಾ ಒಂದು ಕಡೆ, 66ರಿಂದ 75 ವರ್ಷದವರದು ಇನ್ನೊಂದು ಕಡೆ. ಐದು ವರ್ಷದ ನಂತರ ಎರಡೂ ಗುಂಪಿನಲ್ಲಿ ನೂರಕ್ಕೆ 86 ಕಸಿಗಳು ಉಳಿದಿದ್ದವು. ಹತ್ತು ವರ್ಷದ ನಂತರ ಮೊದಲ ಗುಂಪಿನಲ್ಲಿ ನೂರಕ್ಕೆ 77, ಎರಡನೆಯದರಲ್ಲಿ 71. ವ್ಯತ್ಯಾಸ ಇಷ್ಟೇ. ನೇತ್ರಭಂಡಾರದವರು ನಾನು ಹೇಳಿದ ಆ ಕೋಶಗಳನ್ನು ಎಣಿಸಿಯೇ ಯಾವ ಕಣ್ಣು ಯಾರಿಗೆ ಎಂದು ನಿರ್ಧರಿಸುತ್ತಾರೆ.

ನಮ್ಮ ತಾಳವಾಡಿ ಸೀಮೆಯ ಗಾಜನೂರಿನ ಡಾ. ರಾಜಕುಮಾರ್ 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಅವರಿಗೆ 76 ವರ್ಷ ತುಂಬಿತ್ತು. ಅವರ ಕಣ್ಣುಗಳು ದಾನವಾದವು. ಅವರ ಮಗ ಪುನೀತ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ತೀರಿಕೊಂಡಾಗ, ಎರಡು ಕಾರ್ನಿಯಾಗಳನ್ನು ಮುಂಪದರ, ಒಳಪದರ ಎಂದು ಬೇರ್ಪಡಿಸಿ ನಾಲ್ಕು ಜನರಿಗೆ ಕಸಿ ಮಾಡಿದರು. ಮುಂಭಾಗ ಕೆಟ್ಟವರಿಗೆ ಮುಂಪದರ, ಒಳಭಾಗ ಕೆಟ್ಟವರಿಗೆ ಒಳಪದರ. ತಂದೆಯ ವಯಸ್ಸು ಬೇರೆ, ಮಗನ ವಯಸ್ಸು ಬೇರೆ, ದಾನ ಮಾತ್ರ ಒಂದೇ.

ಕನ್ನಡಕ ಹಾಕುವವರು, ಪೊರೆ ತೆಗೆಸಿಕೊಂಡವರು, ಸಕ್ಕರೆ ಮತ್ತು ರಕ್ತದೊತ್ತಡ ಇರುವವರು ಎಲ್ಲರೂ ಕಣ್ಣು ಕೊಡಬಹುದು. ರೇಬೀಸ್, ಏಡ್ಸ್, ಕಾಮಾಲೆಯ ಬಿ ಮತ್ತು ಸಿ ಸೋಂಕು, ರಕ್ತದ ಕ್ಯಾನ್ಸರ್ ಇದ್ದವರದು ಬಳಕೆಗೆ ಬರುವುದಿಲ್ಲ. ಸಾವಾದ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಬಟ್ಟೆ ಹಾಕಿ, ತಲೆಯ ಕೆಳಗೆ ದಿಂಬಿಟ್ಟು, ಫ್ಯಾನ್ ನಿಲ್ಲಿಸಿ. ಮುಖ ವಿಕಾರವಾಗುವುದಿಲ್ಲ. ನಮ್ಮ ಊರುಗಳಿಗೆ ದಿಂಬಂ ಘಾಟಿಯ 27 ತಿರುವು ಹತ್ತಿಯೋ ಚಾಮರಾಜನಗರದ ಕಡೆಯಿಂದಲೋ ಬರಬೇಕು. ಆದ್ದರಿಂದ ಯಾವ ನೇತ್ರಭಂಡಾರ ನಿಮ್ಮ ಊರಿಗೆ ಬರುತ್ತದೆ ಎಂದು ಮೊದಲೇ ವಿಚಾರಿಸಿ, ಅದರ ದೂರವಾಣಿ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡಿ.

ಕೊನೆಯದಾಗಿ, ಕಸಿ ಮಾಡಿಸಿಕೊಂಡ ಎಲ್ಲ ವಯಸ್ಸಿನವರಿಗೂ ಅನ್ವಯಿಸುವ ಮಾತು. ಕಣ್ಣು ಕೆಂಪಾದರೆ, ಬೆಳಕು ಚುಚ್ಚಿದರೆ, ದೃಷ್ಟಿ ಇಳಿದರೆ, ನೋವು ಬಂದರೆ, ಈ ನಾಲ್ಕರಲ್ಲಿ ಒಂದು ಕಂಡರೂ ಆ ದಿನವೇ ಆಸ್ಪತ್ರೆಗೆ ಹೊರಡಿ. ಅದು ತಿರಸ್ಕಾರದ ಸೂಚನೆಯಾಗಿರಬಹುದು. ಬೇಗ ಹೋದರೆ ಹೆಚ್ಚಿನ ಸಲ ಹನಿಗಳಿಂದಲೇ ತಡೆಯಬಹುದು, ಸಂತೆ ಮುಗಿಯಲಿ ಎಂದು ಕಾದರೆ ಕಸಿ ಹೋಗುತ್ತದೆ. ಹನಿ ಯಾವಾಗ ನಿಲ್ಲಿಸಬೇಕೆಂದು ವೈದ್ಯರೇ ಹೇಳಲಿ. ಅದೇ ಹನಿಯಿಂದ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. ಅದಕ್ಕಾಗಿಯೂ ಹೇಳಿದ ದಿನಕ್ಕೆ ಪರೀಕ್ಷೆಗೆ ಹೋಗಬೇಕು. ಚೀಟಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇದ್ದು ಮನೆಯ ಹಿರಿಯರಿಗೆ ಓದಲು ಬಾರದಿದ್ದರೆ, ಶಾಲೆಗೆ ಹೋಗುವ ಮಕ್ಕಳಿಂದ ಪ್ರತಿ ಬಾಟಲಿಯ ಮೇಲೆ ‘ಬೆಳಗ್ಗೆ, ಮಧ್ಯಾಹ್ನ, ರಾತ್ರಿ’ ಎಂದು ಕನ್ನಡದಲ್ಲಿ ಬರೆಸಿ ಅಂಟಿಸಿ. ಕೈ ನಡುಗುವ ಅಜ್ಜ ಅಜ್ಜಿಯರಿಗೆ ಹನಿ ಹಾಕುವವರು ಯಾರೆಂದು ಆಪರೇಷನ್ನಿಗೆ ಮೊದಲೇ ಮನೆಯಲ್ಲಿ ಗೊತ್ತುಮಾಡಿಕೊಳ್ಳಿ.

ಶ್ರೋತೃಗಳೇ, ಲೆಕ್ಕವನ್ನು ಒಟ್ಟುಗೂಡಿಸೋಣ. ಮಗುವಿನ ಕಣ್ಣಿಗೆ ಕಾಲವೇ ಶತ್ರು, ಅಲ್ಲಿ ತಡ ಬೇಡ. ಹರೆಯದವರಿಗೆ ಫಲ ಹೆಚ್ಚು, ಅವರಲ್ಲಿ ಉದಾಸೀನ ಬೇಡ. ಹಿರಿಯರಿಗೆ ಎಷ್ಟು ಸಿಗುತ್ತದೆಂದು ಮೊದಲೇ ಕೇಳಿ ತಿಳಿಯಿರಿ, ವಯಸ್ಸಾಯಿತೆಂದು ಕೈಬಿಡಬೇಡಿ. ಕೊಡುವುದಕ್ಕಂತೂ ಯಾವ ವಯಸ್ಸೂ ಅಡ್ಡಿಯಲ್ಲ. ನಿಮ್ಮ ಬೀದಿಯಲ್ಲಿ ಹೂ ಬಿದ್ದ ಕಣ್ಣಿನ ಮಗುವೋ ಅಜ್ಜಿಯೋ ಇದ್ದರೆ, ಈ ಮಾತನ್ನು ಆ ಮನೆಗೆ ಇಂದೇ ಮುಟ್ಟಿಸಿ.